ತೊಟ್ಟು

ಯಶವಂತಪುರದ ಗೂಡ್ಸ್ ರೈಲು ದಾಟುವಾಗ
ಬೆಂಚಿನ ಮೇಲಿನ ಗಾಜೆಲ್ಲ ಸಣ್ಣಗೆ ಹಲ್ಲು ಕಡಿಯುತ್ತದೆ.
ಇನ್ನೂರ ಎಂಬತ್ತು ಡಿಗ್ರಿ. ರಾತ್ರಿ ಒಂದೂವರೆ.
ಕುಲುಮೆಯ ಹೊಟ್ಟೆಯಲ್ಲಿ ಬೆರಳು ಗಾತ್ರದ ಕೊಳವೆ,
ಅದರೊಳಗೆ ಚಿಟಿಕೆ ಜಿಯೋಲೈಟ್, ಬಿಳಿ,
ರಂಗೋಲಿ ಪುಡಿಯೆಂದರೂ ನಂಬುವಿರಿ.
ಮೇಲಿಂದ ಮೆಥನಾಲ್
ತೊಟ್ಟು
ತೊಟ್ಟು.

ಕೆಳಗೆ ಬರುವುದು ಬರೀ ನೀರು,
ಜೊತೆಗೆ ಡೈಮೀಥೈಲ್ ಈಥರ್:
ಎರಡು ಇಂಗಾಲ, ನಡುವೆ ಒಂದು ಆಮ್ಲಜನಕ,
ಬೀಗರ ಮಧ್ಯೆ ಚಾಪೆ ಹಾಕಿ ಕೂತ ದಲ್ಲಾಳಿ.
ಇಂಗಾಲ ಇಂಗಾಲದ ಕೈ ಇನ್ನೂ ಹಿಡಿದಿಲ್ಲ.
ಪರದೆಯ ಮೇಲೆ ಗೆರೆ ಅಂಗಾತ ಮಲಗಿದೆ.

ಆಮೇಲೆ ಇದ್ದಕ್ಕಿದ್ದಂತೆ ಎಥಿಲೀನ್, ಪ್ರೊಪಿಲೀನ್,
ಗೆರೆ ಗಡಬಡಿಸಿ ಎದ್ದು ನಿಲ್ಲುತ್ತದೆ.
ಅಲ್ಲಿಂದಾಚೆಗಿನ ಕಥೆ ನನಗೆ ಬಾಯಿಪಾಠ.
ಸೂಕ್ಷ್ಮ ಓಣಿಗಳು ಕೂಡುವಲ್ಲಿ ಒಂದು ಬೆಂಜೀನ್ ಉಂಗುರ,
ಮೈತುಂಬ ಮೀಥೈಲ್ ತೊಟ್ಟು ದಪ್ಪಗಾಗಿ
ಬಾಗಿಲಲ್ಲಿ ಹಿಡಿಸದೆ ಒಳಗೇ ಉಳಿದದ್ದು,
ಬಂದ ಮೆಥನಾಲನ್ನು ಮೈಗೆ ಅಂಟಿಸಿಕೊಂಡು
ಒಂದೊಂದೇ ಪ್ರೊಪಿಲೀನ್ ಕಳಚಿ ಹೊರಗೆ ಕಳಿಸುತ್ತದೆ.
ತಾನು ಮಾತ್ರ ಹೊಸಿಲು ದಾಟುವುದಿಲ್ಲ.
ಹೈಡ್ರೋಕಾರ್ಬನ್ ಪೂಲ್ ಅನ್ನುತ್ತಾರೆ. ಸರಿ.
ಆದರೆ ಆ ಮೊದಲ ಉಂಗುರ?
ಅದನ್ನು ಕಟ್ಟಲು ಕೈ ಹಿಡಿದ ಮೊದಲ ಎರಡು?

"ಇಪ್ಪತ್ತು ಮಂದಿ ಇಪ್ಪತ್ತು ದಾರಿ ಬರೆದಿದ್ದಾರೆ,
ಬಾಣದ ಗುರುತೆಲ್ಲ ಚೆಂದವೇ," ಅಂದರು ಸಿಕ್ವೇರಾ ಮೇಡಂ.
"ನಿನ್ನ ಮೆಥನಾಲ್ ಚೊಕ್ಕವಿದೆಯಾ, ಮೊದಲು ಅದು ನೋಡು."

ಗಾಜು ಊದುವ ಅಮಾನುಲ್ಲಾ ಸಾಹೇಬರು
ಆಳೆತ್ತರದ ಕಂಬವೊಂದನ್ನು ಮಾಡಿಕೊಟ್ಟರು.
ಮೂರು ಸಲ ಬಟ್ಟಿ ಇಳಿಸಿದೆ.
"ಕಣ್ಣು ಕೀಳೋ ಸಾರಾಯಿಗೆ ಇಷ್ಟೊಂದು ಮಡಿಯೇನಮ್ಮ?"
ನಕ್ಕರು, ಕೆನ್ನೆಯ ಚರ್ಮ ಜೋತಿತ್ತು, ಮೂವತ್ತು ವರ್ಷದ ಉಸಿರು.
ಇಳಿಸಿದಷ್ಟೂ ಕಾಯುವ ಹೊತ್ತು ಬೆಳೆಯಿತು,
ನಲವತ್ತು ನಿಮಿಷ, ಎಪ್ಪತ್ತು, ನೂರ ಹತ್ತು.
ಬೆಳೆಯಿತು ಅಷ್ಟೇ,
ಗೆರೆ ಏಳದೆ ಉಳಿದ ರಾತ್ರಿ ಒಂದೂ ಇಲ್ಲ.

ಮಲ್ಲೇಶ್ವರದ ಹನ್ನೊಂದನೇ ಕ್ರಾಸಿಗೆ ಬಂದರೂ ಕೈ ಸುಮ್ಮನಿರದು.
ಪುಟ್ಟಗೌರಮ್ಮನವರ ಅಡುಗೆಮನೆಯಲ್ಲಿ
ಸಿಕ್ಕಿದ್ದೆಲ್ಲ ತಿಕ್ಕಿದೆ, ಬಿಸಿನೀರು, ಸೋಪು.
"ಅಯ್ಯೋ, ಹೆಪ್ಪಿನ ಗಿಂಡಿನೂ ತೊಳೆದೆಯೇನೇ?
ನಮ್ಮತ್ತೆ ಕಾಲದ್ದು ಅದು!"
ಗಿಂಡಿಯೋ, ಮೊಸರೋ, ಕೇಳಲಿಲ್ಲ.
ಅಂಗಡಿ ಮುಚ್ಚಿತ್ತು, ಪಕ್ಕದ ಮನೆಯಲ್ಲಿ ದೀಪ ಆರಿತ್ತು.
ಅವರು ಹಾಲು ಉಗುರುಬೆಚ್ಚಗೆ ಮಾಡಿ
ಬುಟ್ಟಿ ತಡಕಿ ಎರಡು ಹಸಿಮೆಣಸಿನಕಾಯಿ ತೆಗೆದು
ತೊಟ್ಟು ಮುರಿದು ಹಾಕಿ, ತಟ್ಟೆ ಮುಚ್ಚಿ, ಮಲಗಿದರು.

ಬೆಳಿಗ್ಗೆ ಗಟ್ಟಿಯಾಗಿರಲಿಲ್ಲ. ಎಳೆ ಎಳೆ ಬರುತ್ತಿತ್ತು.
ಆದರೂ ಮೊಸರು.
"ತೊಟ್ಟಿಗೆ ಹೆಪ್ಪು ಎಲ್ಲಿಂದ ಬಂತು?"
"ಕಿತ್ತವಳ ಕೈಯಿಂದಲೋ, ಗಾಳಿಯಿಂದಲೋ,
ನನಗೇನು ಗೊತ್ತು? ಉಪ್ಪು ಹಾಕ್ಕೊಂಡು ತಿನ್ನು,
ನಾಳೆಯದು ಇದರಿಂದ ಚೆನ್ನಾಗಾಗುತ್ತೆ."

ಮತ್ತೆ ಲ್ಯಾಬು. ಪುಡಿ ಮಸಿ ಹಿಡಿದು ಕಪ್ಪಾಗಿತ್ತು.
ಓಣಿಯ ತುಂಬ ಹೊರಬರಲಾಗದವರು
ಒಬ್ಬರ ಮೇಲೊಬ್ಬರು ಬಿದ್ದು ಕೋಕ್ ಆಗಿದ್ದರು.
ಐನೂರೈವತ್ತು ಡಿಗ್ರಿಯಲ್ಲಿ ಗಾಳಿ ಹಾಯಿಸಿ
ಎಲ್ಲ ಸುಟ್ಟೆ, ಏನೂ ಆಗಿಲ್ಲವೆಂಬಂತೆ ಬೆಳ್ಳಗಾಯಿತು.
ಆ ಬಿಳಿಯನ್ನು ಈಗ ಅಷ್ಟು ಸುಲಭಕ್ಕೆ ನಂಬಲಾರೆ.

ಪುಸ್ತಕದಲ್ಲಿ ತಾರೀಕು ಬರೆದೆ, ಉಷ್ಣತೆ ಬರೆದೆ,
'ಕಲ್ಮಶ' ಎಂಬ ಅಂಕಣದಲ್ಲಿ ಪೆನ್ನು ನಿಂತಿತು.
'ಇಲ್ಲ' ಎಂದು ಬರೆದು, ಹೊಡೆದುಹಾಕಿ,
'ಅಳೆಯಲು ಸಿಗಲಿಲ್ಲ' ಅಂತ ಬರೆದೆ.

ಮೇಲಿಂದ ತೊಟ್ಟು, ತೊಟ್ಟು.
ನೂರ ಮೂವತ್ತೆರಡನೇ ನಿಮಿಷ.
ಗೂಡ್ಸ್ ಗಾಡಿಯ ಸದ್ದು ದೂರದಲ್ಲಿ,
ಗಾಜು ಹಲ್ಲು ಕಡಿಯತೊಡಗಿದೆ, ಗೆರೆ ಕೊಂಚ ನಡುಗಿತು.
ರೈಲಿಗೋ,
ಇಲ್ಲ, ಒಳಗೆಲ್ಲೋ
ಯಾರೋ ಯಾರದೋ ಕೈ ಹಿಡಿದದ್ದಕ್ಕೋ.
ರೈಲು ಪೂರ್ತಿ ದಾಟಿಹೋಗಲಿ, ನೋಡುತ್ತೇನೆ.